ಮಲ್ಕಮ್ಮ ಬೀಡಿ ಸೇದುವುದಿಲ್ಲ

ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಕುಶಲೋಪರಿ ಆಮೇಲೆ. ಮೊದಲು ಒಂದು ಮಾತು ಸ್ಪಷ್ಟವಾಗಲಿ. ಜೇವರ್ಗಿ ತಾಲೂಕಿನ ನೆಲೋಗಿಯ ಮಲ್ಕಮ್ಮ ಬೀಡಿ ಸೇದುವುದಿಲ್ಲ. ಸಿಗರೇಟೂ ಸೇದುವುದಿಲ್ಲ. ಒಲೆಯ ಹೊಗೆಯೊಂದನ್ನು ಬಿಟ್ಟರೆ ಬೇರೆ ಯಾವ ಹೊಗೆಯೂ ಆಕೆಯ ಮೂಗಿನ ಹತ್ತಿರ ಸುಳಿದಿಲ್ಲ. ಆಕೆಗಿರುವುದು ಸಕ್ಕರೆ ಕಾಯಿಲೆ, ಮತ್ತು ಆ ಕಾಯಿಲೆಯಿಂದ ಸದ್ದಿಲ್ಲದೆ ಕೆಟ್ಟ ಹೃದಯ. ಆ ಹೃದಯವನ್ನು ನೋಡಬೇಕಾಗಿದ್ದ ದಿನ ನಿಮ್ಮ ಶಿಬಿರ ಆಕೆಯ ಬಾಯಿಗೆ ಬೀಡಿ ಇಟ್ಟು ಮನೆಗೆ ಕಳುಹಿಸಿತು. ಈಗ ಆಕೆಯ ತಂಗಿ, ಅಫಜಲಪುರ ತಾಲೂಕಿನ ಗೊಬ್ಬೂರಿನ ಭೀಮಬಾಯಿಗೂ ಅದೇ ಲಕ್ಷಣ ಶುರುವಾಗಿದೆ. ಆಕೆಯ ಹೃದಯ ಇನ್ನೂ ಉಳಿಸಿಕೊಳ್ಳಬಹುದಾದ ಹಂತದಲ್ಲಿ ಇದ್ದೀತು. ಇದೆಯೋ ಇಲ್ಲವೋ ಎಂದು ಹೇಳಬಲ್ಲ ಯಂತ್ರ ನಿಮ್ಮದೇ ಒಂದು ಆಸ್ಪತ್ರೆಯಲ್ಲಿ, ಬೀಗ ಹಾಕಿದ ಕೋಣೆಯಲ್ಲಿ ಕುಳಿತಿದೆ. ಈ ಪತ್ರ ಆ ಬೀಗದ ಬಗ್ಗೆ.

ಇದನ್ನು ಕೇಳಲು ನೀನು ಯಾರು ಎನ್ನುವಿರಿ. ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಮೊದಲು ಆಳಂದ ತಾಲೂಕಿನ ಭೂಸನೂರಿನಲ್ಲಿ, ಆಮೇಲೆ ನೆಲೋಗಿಯಲ್ಲಿ. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತೇನೆ. ಸಿಟ್ಟು ಬಂದರೆ ಮಾತ್ರ ಕನ್ನಡಕ್ಕೆ ಬರುತ್ತೇನೆ, ಏಕೆಂದರೆ ಬಯ್ಯುವಾಗ ವ್ಯಾಕರಣ ತಪ್ಪಬಾರದು ಎಂಬುದು ನನ್ನ ವೃತ್ತಿಧರ್ಮ. ಮಲ್ಕಮ್ಮ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಾಕೆ. ನಾನು ಅಕ್ಷರ ಬಡಿಸಿದೆ, ಆಕೆ ಅನ್ನ ಬಡಿಸಿದಳು. ಮಕ್ಕಳು ಇಂದಿಗೂ ನೆನೆಯುವುದು ಆಕೆಯನ್ನೇ, ಅದರಲ್ಲಿ ನನಗೆ ಬೇಸರವಿಲ್ಲ.

ಕಳೆದ ವರ್ಷ ಜೋಳದ ರಾಶಿ ಮುಗಿದ ಹೊತ್ತಿಗೆ ನಿಮ್ಮ ಶಿಬಿರ ನಮ್ಮೂರಿಗೆ ಬಂತು. ಬಂತು ಎಂದರೆ ಸಾಲದು, ಅವತರಿಸಿತು. ಶಾಮಿಯಾನಾ, ಮೈಕು, ಊರಗಲದ ಬ್ಯಾನರು, ಬ್ಯಾನರಿನಲ್ಲಿ ರೋಗಿಗಳಿಗಿಂತ ದೊಡ್ಡದಾಗಿ ನಗುವ ಮುಖಗಳು. ಉದ್ಘಾಟನೆಗೆ ಬಂದ ಗಣ್ಯರಿಗೆ ಪೇಢೆ ಹಂಚಿದರಂತೆ. ಸಕ್ಕರೆ ಕಾಯಿಲೆಯ ಶಿಬಿರದಲ್ಲಿ ಪೇಢೆ ಹಂಚುವ ಧೈರ್ಯ ನಿಮ್ಮ ಇಲಾಖೆಗಲ್ಲದೆ ಇನ್ನಾರಿಗೆ ಬಂದೀತು? ಬರಿಹೊಟ್ಟೆಯಲ್ಲಿ ಬನ್ನಿ ಎಂದು ಡಂಗುರ ಸಾರಿಸಿದ್ದಿರಿ. ಪಾಪ, ನಮ್ಮ ಜನ ಹಾಗೆಯೇ ಬಂದರು. ಸ್ವಾಗತ, ಪ್ರಾಸ್ತಾವಿಕ ನುಡಿ, ಅಧ್ಯಕ್ಷರ ಭಾಷಣ, ವಂದನಾರ್ಪಣೆ ಎಲ್ಲ ಸಾಂಗವಾಗಿ ಮುಗಿದು ರಕ್ತ ತೆಗೆಯುವ ಸರದಿ ಬರುವಷ್ಟರಲ್ಲಿ ಅರ್ಧ ಜನಕ್ಕೆ ತಲೆ ತಿರುಗುತ್ತಿತ್ತು. ಅದನ್ನೂ ಕಾಯಿಲೆಯ ಲೆಕ್ಕಕ್ಕೆ ಸೇರಿಸಿದಿರೋ ಏನೋ, ನಾನರಿಯೆ.

ನಾನು ಆ ದಿನ ತಮ್ಮನ ಮಗಳ ನಿಶ್ಚಿತಾರ್ಥಕ್ಕೆಂದು ಆಳಂದಕ್ಕೆ ಹೋಗಿದ್ದೆ. ಆದರೂ ಶಿಬಿರದಲ್ಲಿ ಮಲ್ಕಮ್ಮನಿಗೂ ನಿಮ್ಮ ವೈದ್ಯರಿಗೂ ನಡೆದ ಸಂಭಾಷಣೆ ನನಗೆ ಬಾಯಿಪಾಠ. ನಮ್ಮೂರ ಚಹಾದಂಗಡಿಯಲ್ಲಿ ಅದನ್ನು ತಿಂಗಳುಗಟ್ಟಲೆ ನಾಟಕದಂತೆ ಆಡಿ ತೋರಿಸಿದ್ದಾರೆ. ವೈದ್ಯರು ದಕ್ಷಿಣದ ಕಡೆಯವರು, ಎಳೆಯ ಹುಡುಗ, ನಮ್ಮ ಸೀಮೆಗೆ ಹೊಸಬರು. ಮಲ್ಕಮ್ಮನ ರಕ್ತದಲ್ಲಿ ಸಕ್ಕರೆ ಹೆಚ್ಚಿತ್ತು, ಅದು ಆಕೆಗೆ ಹತ್ತು ವರ್ಷದಿಂದ ಗೊತ್ತಿದ್ದದ್ದೇ. ಇಸಿಜಿ ಸರಿಯಾಗಿತ್ತು. ಮುಂದಿನದು ಹೀಗೆ:

“ಎದೆ ನೋವು ಇದೆಯಾಮ್ಮ?”

“ಇಲ್ರಿ. ಎದಿ ಏನ್ ನೋಯಂಗಿಲ್ರಿ. ದಮ್ಮ ಹತ್ತತದ್ರಿ.”

ವೈದ್ಯರು ತಲೆ ಎತ್ತಿ ನೋಡಿದರು. “ದಮ್ಮಾ? ನಿಮಗಾ?”

“ಹೌದ್ರಿ, ನನಗಽ.”

“ಎಷ್ಟು ದಿನದಿಂದ?”

“ವರ್ಷ ಆಗಾಕ ಬಂತ್ರಿ.”

“ದಿನಕ್ಕೆ ಎಷ್ಟು?”

“ಹಂಗ ಲೆಕ್ಕಾ ಇಟ್ಟಿಲ್ರಿ. ಮೊದ್ಲ ಒಂದೆರಡ ಸಲ ಇತ್ತು. ಈಗ ಕೆಲಸಾ ಮಾಡಿದಾಗೆಲ್ಲ ಹತ್ತತದ. ಉಂಡ ಮ್ಯಾಲಂತೂ ಹತ್ತೇ ಹತ್ತತದ್ರಿ.”

“ಮನೆಯವರಿಗೆ ಗೊತ್ತಾ?”

“ಗೊತ್ತದರಿ. ಮಗನ ಎದುರಿಗೇ ಹತ್ತತದಲ್ರಿ.”

“ಈ ವಯಸ್ಸಲ್ಲಿ ಅದೆಲ್ಲ ಬೇಡಮ್ಮ. ಬಿಟ್ಟುಬಿಡಬೇಕು.”

“ನಾ ಬಿಡ್ತೇನ್ರಿ ಸಾಹೇಬ್ರ, ಅದಽ ನನ್ನ ಬಿಡವಲ್ದು.”

“ಎಲ್ಲರೂ ಹಾಗೇ ಹೇಳೋದು. ಮನಸ್ಸು ಮಾಡಿದರೆ ಬಿಡಬಹುದು.”

ಮಾನ್ಯರೇ, ನಗು ಬಂದಿದ್ದರೆ ನಕ್ಕುಬಿಡಿ, ಊರೆಲ್ಲ ನಕ್ಕಿದೆ. ನಕ್ಕು ಮುಗಿದ ಮೇಲೆ ಈ ನಿವೃತ್ತ ಶಿಕ್ಷಕಿಯಿಂದ ಒಂದು ಪಾಠ ಕೇಳಿ. ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ದಮ್ಮು ಎಂದರೆ ಉಸಿರು. ದಮ್ಮು ಹತ್ತುವುದು ಎಂದರೆ ಏದುಸಿರು ಬರುವುದು, ಉಸಿರು ಸಾಲದೇ ಹೋಗುವುದು. ಓಡಿ ಬಂದವನಿಗೆ ದಮ್ಮು ಹತ್ತುತ್ತದೆ, ಏರು ಹತ್ತಿದ ಎತ್ತಿಗೂ ಹತ್ತುತ್ತದೆ. ಆದರೆ ಆ ಹುಡುಗನ ಸೀಮೆಯಲ್ಲಿ ದಮ್ಮು ಎಂದರೆ ಹೊಡೆಯುವ ದಮ್ಮು, ಅಂದರೆ ಬೀಡಿ ಸಿಗರೇಟು. ಹತ್ತುವುದು ಎಂದರೆ ಚಟ ಹತ್ತುವುದು. ಹೀಗಾಗಿ ಆಕೆ ಉಸಿರು ಸಾಲದು ಎಂದದ್ದು ಆತನಿಗೆ ಬೀಡಿಯ ಚಟ ಹತ್ತಿದೆ ಎಂದು ಕೇಳಿಸಿತು. ಇಬ್ಬರೂ ಆಡಿದ್ದು ಶುದ್ಧ ಕನ್ನಡ. ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಬರೆ ಅಲ್ಲಿಗೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆ ಹುಡುಗ ಒಳ್ಳೆಯವನು, ಅದೇ ಕಷ್ಟವಾಯಿತು. ಎದ್ದು ಹೋಗಿ ಮೈಕು ಹಿಡಿದು, ಮಹಿಳೆಯರೂ ಧೂಮಪಾನ ತ್ಯಜಿಸಬೇಕು, ಈ ತಾಯಿ ಎಲ್ಲರ ಮುಂದೆ ಧೈರ್ಯವಾಗಿ ತಮ್ಮ ಚಟವನ್ನು ಒಪ್ಪಿಕೊಂಡಿದ್ದಾರೆ, ಇವರಿಗೊಂದು ಜೋರಾದ ಚಪ್ಪಾಳೆ ಎಂದನಂತೆ. ಚಪ್ಪಾಳೆ ಬಿತ್ತು. ಯಾರಿಗೋ ಸನ್ಮಾನ ನಡೆಯುತ್ತಿದೆ ಎಂದು ತಿಳಿದು ಮಲ್ಕಮ್ಮನೂ ಚಪ್ಪಾಳೆ ತಟ್ಟಿದಳು. ಆಕೆಗೆ ಅರ್ಥವಾದದ್ದು ಕೈಗೆ ಕಪ್ಪು ಶ್ವಾಸಕೋಶದ ಚಿತ್ರವಿದ್ದ ಕರಪತ್ರ ಬಂದಾಗ. ತಿದ್ದಲು ಒಬ್ಬರಾದರೂ ಏಳಲಿಲ್ಲವೇ ಎಂದು ನಾನೂ ಕೇಳಿದೆ. ಏಳುವುದು ಹೇಗೆ? ಬೆರಳಿನಿಂದ ರಕ್ತ ತೆಗೆದಿದ್ದಾರೆ, ದೊಡ್ಡ ಡಾಕ್ಟರು ಹೇಳಿದ್ದಾರೆ. “ರಕ್ತದಾಗ ಬೀಡಿ ಸಿಕ್ಕದಂತ” ಎಂಬ ಸುದ್ದಿ ಆಕೆ ಮನೆ ಮುಟ್ಟುವ ಮೊದಲೇ ಓಣಿಗೆ ಮುಟ್ಟಿತ್ತು.

ನಿಮ್ಮ ವರದಿಯಲ್ಲಿ ಆ ಶಿಬಿರ ಯಶಸ್ವಿ. ನಮ್ಮೂರಿನಲ್ಲಿಯೂ ಬಹಳ ಯಶಸ್ವಿ. ಅಂಗಡಿಗೆ ಹೋದರೆ “ಮಲ್ಕವ್ವ, ಬೆಂಕಿಪೊಟ್ಣ ಬ್ಯಾಡೇನ?” ಎಂದು ಕೇಳುವವರು ಹುಟ್ಟಿಕೊಂಡರು. ಮಕ್ಕಳ ಊಟಕ್ಕೆ ಬೂದಿ ಬಿದ್ದೀತು ಎಂದು ಯಾರೋ ತಂದೆತಾಯಿ ದೂರು ಕೊಟ್ಟರು. ಶಾಲೆಯ ಸಮಿತಿಯವರು ಕರೆಸಿ ವಿಚಾರಿಸಿದರು. ಹದಿನೈದು ವರ್ಷ ಆ ಮಕ್ಕಳಿಗೆ ಅನ್ನ ಹಾಕಿದ ಹೆಂಗಸು ಮಗ ಜೈಭೀಮನ ತಲೆ ಮುಟ್ಟಿ ಆಣೆ ಮಾಡಿ ಕೆಲಸ ಉಳಿಸಿಕೊಂಡಳು. ನಾನು ಆಳಂದದಿಂದ ಬಂದು ಸಮಿತಿಯವರಿಗೆ ಅರ್ಥ ಬಿಡಿಸಿ ಹೇಳಿದೆ, ಚಹಾದಂಗಡಿಯಲ್ಲಿ ನಿಂತು ಬೈದೆ. ಬೈಗುಳವನ್ನು ಕೇಳಿದರು, ಅರ್ಥವನ್ನು ಕೇಳಲಿಲ್ಲ. ನಗೆಯ ಮುಂದೆ ವ್ಯಾಕರಣ ಎಂದೂ ಗೆದ್ದಿಲ್ಲ.

ಆದರೆ ನಿಜವಾದ ಅನಾಹುತ ಬೇರೆ. ಮಲ್ಕಮ್ಮ ಅಂದಿನಿಂದ ಆ ಮಾತನ್ನೇ ಆಡುವುದನ್ನು ಬಿಟ್ಟಳು. ಆಶಾ ಕಾರ್ಯಕರ್ತೆ ರಾಧಿಕಾ ತಿಂಗಳಿಗೊಮ್ಮೆ ಬಂದು, “ಏನರ ತ್ರಾಸ ಅದೇನ್ ಅತ್ತಿ?” ಎಂದರೆ, “ಏನಿಲ್ಲವ್ವ, ಆರಾಮ ಇದ್ದೇನಿ” ಎನ್ನುತ್ತಿದ್ದಳು. ಆರಾಮವಿದ್ದದ್ದು ಎಷ್ಟೆಂದು ದಿನಾ ನೋಡುವ ನನಗೆ ಗೊತ್ತಿತ್ತು. ಮನೆಯಿಂದ ಶಾಲೆಗೆ ಒಂದೇ ಉಸಿರಿಗೆ ಹೋಗುತ್ತಿದ್ದವಳು ಮೊದಲು ಬೇವಿನ ಮರದ ಕಟ್ಟೆಯ ಮೇಲೆ ಕೂರತೊಡಗಿದಳು. ಆಮೇಲೆ ಪಂಚಾಯಿತಿಯ ಮೆಟ್ಟಿಲ ಮೇಲೂ. ಮಳೆಗಾಲದ ಹೊತ್ತಿಗೆ ಕಾಲು ಬಾತು ಚಪ್ಪಲಿ ಹಿಡಿಯದಾಯಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಆಸ್ಪತ್ರೆಗೆ ಹೋಗೋಣ ಬಾ ಎಂದು ನಾನು ಎಷ್ಟು ಸಲ ಕರೆದೆನೋ. ಆಕೆಯದು ಒಂದೇ ಉತ್ತರ: “ಮತ್ತೊಮ್ಮೆ ಕುಂದ್ರಿಸಿ ಚಪ್ಪಾಳಿ ಹೊಡಸ್ತೀರೇನ್ರಿ ಅಕ್ಕೋರ?”

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಆ ಪ್ರಶ್ನೆಯನ್ನು ಈಗ ಈ ಅಕ್ಕೋರು ನಿಮಗೇ ದಾಟಿಸುತ್ತಿದ್ದಾರೆ. ಉತ್ತರ ನಿಮ್ಮ ಬಳಿ ಇದೆಯೇ?

ಕೊನೆಗೊಂದು ದಿನ ಒಂದು ವಾಕ್ಯ ಪೂರ್ತಿ ಆಡಲಾಗದೆ ನಡುವೆ ಬಾಯಿ ತೆರೆದು ಕೂತಳು. ಜೈಭೀಮ ಟಂಟಂ ಓಡಿಸುತ್ತಾನೆ. ಅದೇ ಗಾಡಿಯಲ್ಲಿ ತಾಯಿಯನ್ನು ಹಾಕಿಕೊಂಡು ಜೇವರ್ಗಿ ದಾಟಿ ಕಲಬುರಗಿಗೆ ಹೊರಟ. ನಾನೂ ಹತ್ತಿ ಕೂತೆ. ಅಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಮಗೆ ಸಿಕ್ಕವರು ಡಾಕ್ಟರ್ ನೂರೀನ, ಆಳಂದದ ಮಗಳು. ಆಕೆ ಎದೆನೋವಿನ ಸುದ್ದಿಯನ್ನೇ ಎತ್ತಲಿಲ್ಲ. ಮಲ್ಕಮ್ಮನ ಬಾತ ಕಾಲನ್ನು ಬೆರಳಿನಿಂದ ಒತ್ತಿ ನೋಡಿ ಕೇಳಿದರು:

“ದಮ್ಮ ಹತ್ತತದೇನವ್ವ? ನಡದಾಗ ಅಷ್ಟಽ ಏನ್ ಮಕ್ಕೊಂಡಾಗೂ?”

ಮಲ್ಕಮ್ಮ ನನ್ನ ಮುಖ ನೋಡಿದಳು. “ಹೇಳ್ಲೇನ್ರಿ ಅಕ್ಕೋರ?” ಎಂದಳು.

ಮಾನ್ಯರೇ, ನನಗೆ ಅಲ್ಲಿ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಐವತ್ತು ದಾಟಿದ ಹೆಂಗಸು ತನ್ನ ಉಸಿರಿನ ಸಂಕಟವನ್ನು ತನ್ನ ಮಾತಿನಲ್ಲಿ ಹೇಳಲು ಇನ್ನೊಬ್ಬರ ಅಪ್ಪಣೆ ಕೇಳುವಂತೆ ಮಾಡಿದಿರಿ. ನಮ್ಮ ಸೀಮೆಗೆ ನೀವು ಕಟ್ಟಿಸಿಕೊಟ್ಟ ಕಟ್ಟಡಗಳ ಉದ್ಘಾಟನಾ ಫಲಕಗಳು ಬಹಳ ಇವೆ. ಇದಕ್ಕೂ ಒಂದು ಫಲಕ ಹಾಕಿಸಿ.

ಎಕೋ, ಅಂದರೆ ಹೃದಯದ ಸ್ಕ್ಯಾನು, ಮಾಡಿದ ಮೇಲೆ ಡಾಕ್ಟರ್ ನೂರೀನ ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ನಿಮ್ಮ ಉಪಯೋಗಕ್ಕಾಗಿ ಅವರು ಹೇಳಿದಂತೆಯೇ ಬರೆಯುತ್ತಿದ್ದೇನೆ: “ಹೃದಯದ ಕೆಲಸ ರಕ್ತ ದೂಡೂದಷ್ಟಽ ಅಲ್ರಿ ಅಕ್ಕೋರ. ಮೊದ್ಲ ಹಿಗ್ಗಿ ರಕ್ತ ತುಂಬ್ಕೋಬೇಕು, ಆಮ್ಯಾಲ ದೂಡಬೇಕು. ಸಕ್ರಿ ಇದ್ದವರಿಗಿ ರಕ್ತನಾಳ ಬಂದ್ ಆಗದಿದ್ರೂ ಹೃದಯದ ಸ್ನಾಯು ಬಿರುಸ ಆಗಬಹುದು. ಮೊದ್ಲ ಹಿಗ್ಗೂದು ಕಮ್ಮಿ ಆಗ್ತದ. ಆವಾಗ ನೋವು ಇರಂಗಿಲ್ಲ. ಇಸಿಜಿ ಸುದ್ದಾ ಸರಿ ಬರಬಹುದು. ಬರೇ ದಮ್ಮ, ಬರೇ ದಣಿವು, ಥಕಾವಟ್. ಒಬ್ಬೊಬ್ಬರಿಗಿ ಅದೂ ಇರಂಗಿಲ್ಲ. ಆದ್ರ ಎಕೋದಾಗ ಕಾಣಸ್ತದ, ಒಂದ ರಕ್ತಪರೀಕ್ಷಾದಾಗೂ ಸುಳಿವ ಸಿಗ್ತದ. ಆ ಹಂತದಾಗ ಹಿಡದ್ರ ಸಕ್ರಿ, ಬಿಪಿ ಹತೋಟಿಗಿ ತಂದು, ಸರಿಯಾದ ಔಷಧಾ ಕೊಟ್ಟು ಭಾಳ ಮಂದಿನ್ನ ಉಳಿಸ್ಕೋಬಹುದು. ಈಕಿದು ಈಗ ದೂಡೂ ಕೆಲಸಾನೂ ಅರ್ಧಕ್ಕ ಬಂದದ.”

“ಆ ಶಿಬಿರದ ಟೈಮಿಗೆ ಬಂದಿದ್ರ?” ಎಂದು ಜೈಭೀಮ ಕೇಳಿದ.

“ಖಾತ್ರಿ ಹೇಳಾಕ ಬರಂಗಿಲ್ಲಪ್ಪ. ಆದ್ರ ಆವಾಗ ಹಿಗ್ಗೂದಷ್ಟಽ ಕೆಟ್ಟಿತ್ತು ಅಂತ ಕಾಣಸ್ತದ. ಕೈ ಮೀರಿರಲಿಲ್ಲ.”

ಜೈಭೀಮ ಹೊರಗೆ ಹೋಗಿ ಟಂಟಂ ಪಕ್ಕದಲ್ಲಿ ನಿಂತುಕೊಂಡ.

ಹಿಗ್ಗು ಎಂಬ ಮಾತನ್ನು ನಾನು ನೂರಾರು ಮಕ್ಕಳಿಗೆ ಕಲಿಸಿದ್ದೇನೆ. ಹಿಗ್ಗು ಎಂದರೆ ಅಗಲವಾಗುವುದು, ಹಿಗ್ಗು ಎಂದರೆ ಸಂತೋಷ. ಎರಡಕ್ಕೂ ಒಂದೇ ಶಬ್ದ ಇಟ್ಟ ಹಿರಿಯರಿಗೆ ಎಕೋ ಯಂತ್ರ ಗೊತ್ತಿರಲಿಲ್ಲ. ಆದರೆ ಹೃದಯ ಹಿಗ್ಗದೇ ಹೋದರೆ ಮನುಷ್ಯನಿಗೆ ಏನೋ ಆಗಿದೆ ಎಂಬುದಂತೂ ಗೊತ್ತಿತ್ತು. ನಿಮ್ಮ ಇಲಾಖೆಗೆ ಯಂತ್ರ ಗೊತ್ತು, ಹೃದಯ ಹಿಗ್ಗದಿದ್ದರೆ ಮಾತ್ರ ಗೊತ್ತಾಗುವುದಿಲ್ಲ. ಅದು ನೋಯಬೇಕು. ನೋಯದ ಹೃದಯ ನಿಮ್ಮ ಪಾಲಿಗೆ ಆರೋಗ್ಯವಂತ ಹೃದಯ.

ಇದು ನನ್ನ ಕಲ್ಪನೆಯಲ್ಲ. ಕಲಬುರಗಿಯಿಂದ ಬಂದ ಮೇಲೆ ನಿಮ್ಮ ಕಚೇರಿಗೆ ಫೋನು ಮಾಡಿದೆ. ಸಕ್ಕರೆ ಕಾಯಿಲೆ ಇರುವವರಿಗೆಲ್ಲ ಹೃದಯದ ತಪಾಸಣೆ ಮಾಡಿಸಬಹುದೇ ಎಂದು ವಿನಯದಿಂದ ಕೇಳಿದೆ. “ಎದೆನೋವು ಇದ್ದವರಿಗೆ ಮಾತ್ರ ಎಕೋಗೆ ಬರೆದುಕೊಡ್ತೇವೆ ಮೇಡಂ” ಎಂದಿತು ಆ ಕಡೆಯ ದನಿ. ನೋವಿಲ್ಲದೆಯೇ ಇದು ಶುರುವಾಗುತ್ತದಂತಲ್ಲ ಎಂದೆ. “ಹಾಗಿದ್ರೆ ನೋವು ಬಂದ ಮೇಲೆ ಬನ್ನಿ” ಎಂದಿತು. ಎಷ್ಟು ಸರಳ! ಕಾಯಿಲೆಯ ಗುಣ ನೋವು ಕೊಡದೆ ಬರುವುದು. ನಿಮ್ಮ ನ್ಯಾಯ ನೋವಿಲ್ಲದವರನ್ನು ನೋಡದೇ ಇರುವುದು. ಇವರಿಬ್ಬರ ಭೇಟಿ ಎಲ್ಲಿ? ಸ್ಮಶಾನದಲ್ಲಿಯೇ? ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ನಾನು ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತಿದ್ದೆ. ಯಾರೂ ನಿಮ್ಮಷ್ಟು ಚೆನ್ನಾಗಿ ವಿಸ್ತರಿಸಲಿಲ್ಲ.

ಯಂತ್ರವಿಲ್ಲ ಎನ್ನಬೇಡಿ. ಇದೆ. ನಮ್ಮ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿದೆ. ಹೆಸರು ಬರೆದರೆ ಉಳಿದ ಆಸ್ಪತ್ರೆಯವರು ನಿಶ್ಚಿಂತರಾಗುತ್ತಾರೆ, ಅದಕ್ಕೇ ಬರೆಯುವುದಿಲ್ಲ. ಅದು ಬಂದ ದಿನ ಅದಕ್ಕೆ ಹಾರ ಹಾಕಿದರು, ಕಾಯಿ ಒಡೆದರು, ಫೋಟೋ ತೆಗೆಸಿಕೊಂಡರು. ಅದರಿಂದ ತಪಾಸಣೆ ಮಾಡಲು ತರಬೇತಿ ಪಡೆದ ವೈದ್ಯರನ್ನು ಆಮೇಲೆ ಬೇರೆ ಕಡೆಗೆ ನಿಯೋಜಿಸಿದಿರಿ. ಈಗ ಯಂತ್ರಕ್ಕೆ ಹಸಿರು ಹೊದಿಕೆ ಹೊದಿಸಿ, ಕೋಣೆಗೆ ಬೀಗ ಜಡಿದು, ಬಾಗಿಲಿಗೆ “ಒಳಗೆ ಬೆಲೆಬಾಳುವ ಉಪಕರಣವಿದೆ, ಸದ್ದು ಮಾಡಬೇಡಿ” ಎಂದು ಚೀಟಿ ಅಂಟಿಸಿದ್ದೀರಿ. ಮಲಗಿರುವ ರೋಗಿಗಳ ವಾರ್ಡಿನ ಮುಂದೆ ಅಂಥ ಚೀಟಿ ಇಲ್ಲ. ಇಡೀ ಆಸ್ಪತ್ರೆಯಲ್ಲಿ ಸಂಪೂರ್ಣ ವಿಶ್ರಾಂತಿ ಸಿಗುತ್ತಿರುವುದು ಆ ಯಂತ್ರಕ್ಕೊಂದಕ್ಕೇ.

ಆ ಎಳೆಯ ವೈದ್ಯನ ಮೇಲೆ ನನಗೆ ಸಿಟ್ಟಿಲ್ಲ, ಇದನ್ನೂ ಬರೆದುಬಿಡುತ್ತೇನೆ. ಇಂಥ ಬಿಸಿಲಿಗೆ ಬಂದು ಊಟವಿಲ್ಲದೆ ಸಂಜೆಯವರೆಗೆ ಜನರನ್ನು ನೋಡಿದ ಹುಡುಗ. ಬೀಡಿ ಸೇದುವುದು ಹೃದಯಕ್ಕೆ ಕೆಟ್ಟದ್ದು ಎಂದದ್ದೂ ಸುಳ್ಳಲ್ಲ. ಆತನಿಗೆ ನೀವು ಸ್ಟೆತಾಸ್ಕೋಪು ಕೊಟ್ಟಿರಿ, ಬ್ಯಾನರು ಕೊಟ್ಟಿರಿ, ಕರಪತ್ರದ ಕಟ್ಟು ಕೊಟ್ಟಿರಿ. ಈ ಜನ ತಮ್ಮ ಮೈಯ ಸಂಕಟವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂದು ಒಂದು ಮಧ್ಯಾಹ್ನ ಕೂರಿಸಿ ಹೇಳಿಕೊಟ್ಟಿರಾ? ದಮ್ಮು, ಥಕಾವಟ್, ಬಾವು, ಜೀವ ಗಾಬರಿಯಾಗುವುದು, ಇಷ್ಟನ್ನು ಕಲಿಯಲು ವೈದ್ಯಕೀಯ ಪದವಿ ಬೇಕಿಲ್ಲ. ನನ್ನನ್ನು ಕರೆದಿದ್ದರೆ ಬಂದು ಕಲಿಸುತ್ತಿದ್ದೆ. ನಿವೃತ್ತಿಯ ನಂತರ ಪಾಠ ಮಾಡಲು ಕೈಯೆಲ್ಲ ತುರಿಸುತ್ತಿದೆ.

ಇನ್ನು ಭೀಮಬಾಯಿಯ ವಿಷಯ. ಆಕೆ ಮಲ್ಕಮ್ಮನಿಗಿಂತ ಆರೇಳು ವರ್ಷ ಚಿಕ್ಕವಳು. ಸಕ್ಕರೆ ಕಾಯಿಲೆ ಅಕ್ಕನಷ್ಟೇ ಹಳೆಯದು. ಈ ಸಲದ ತೊಗರಿ ರಾಶಿಯ ಹೊತ್ತಿಗೆ ಅಕ್ಕನನ್ನು ನೋಡಲು ಬಂದವಳು ಬಸ್ ನಿಲ್ದಾಣದಿಂದ ಮನೆಗೆ ಬರುವಷ್ಟರಲ್ಲಿ ಬೇವಿನ ಕಟ್ಟೆಯ ಮೇಲೆ ಕೂತಳು. ಕಿಟಕಿಯಿಂದ ಅದನ್ನು ಕಂಡ ಮಲ್ಕಮ್ಮನ ಮುಖ ಕಪ್ಪಿಟ್ಟಿತು. ಒಳಗೆ ಬಂದ ತಂಗಿಯನ್ನು ನೀರೂ ಕೊಡದೆ ವಿಚಾರಣೆಗೆ ತೆಗೆದುಕೊಂಡಳು.

“ಯಾಕ ಕುಂತಿ ಬೇ ಅಲ್ಲಿ?”

“ಸುಮ್ಮ ಕುಂತೆ. ನೆಳ್ಳ ಇತ್ತು.”

“ನನ್ನ ಮುಂದ ಸುಳ್ಳ ಹೇಳಬ್ಯಾಡ ಭೀಮಿ. ದಮ್ಮ ಹತ್ತಾಕತ್ತದಿಲ್ಲ?”

ಭೀಮಬಾಯಿ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, “ಹೌದು. ಯಾರ ಮುಂದೂ ಅನಬ್ಯಾಡ ಅಕ್ಕ. ನಮ್ಮತ್ತಿ ಮನ್ಯಾಗ ನಿನ್ನ ಬೀಡಿ ಕಥಿ ಗೊತ್ತದ. ನನಗೂ ಹಚ್ಚತಾರ” ಎಂದಳು.

ನೋಡಿದಿರಾ ಮಾನ್ಯರೇ, ನಿಮ್ಮ ಮೈಕಿನ ದನಿ ಎಷ್ಟು ದೂರ ಕೇಳಿದೆ? ಭೀಮಾ ನದಿ ದಾಟಿ ಗೊಬ್ಬೂರಿಗೂ ಮುಟ್ಟಿದೆ. ಕಾಯಿಲೆಯ ಬಗ್ಗೆ ನೀವು ಹಂಚಿದ ತಿಳಿವಳಿಕೆ ಅಷ್ಟು ದೂರ ಹೋಗಲಿಲ್ಲ, ಅವಮಾನ ಹೋಯಿತು. ಕಲಬುರಗಿಗೆ ಹೋಗಿ ಡಾಕ್ಟರ್ ನೂರೀನರಿಗೆ ತೋರಿಸೋಣ ಎಂದೆವು. “ನೋವಿಲ್ಲ, ಬ್ಯಾನಿಲ್ಲ, ಶಹರದ ದವಾಖಾನಿಗಿ ಹೊಂಟೇನಿ ಅಂದ್ರ ಮನ್ಯಾಗ ಏನಂತಾರ?” ಎಂದಳು. ಆಕೆಯ ಮನೆಯವರು ಥೇಟ್ ನಿಮ್ಮ ಕಚೇರಿಯವರ ಹಾಗೆಯೇ ಯೋಚಿಸುತ್ತಾರೆ. ಸರ್ಕಾರಿ ಆಸ್ಪತ್ರೆಗಾದರೆ ಬರುತ್ತೇನೆ, ಸಕ್ಕರೆ ಗುಳಿಗೆ ತರಲು ಹೇಗೂ ಹೋಗುತ್ತೇನೆ, ಯಾರೂ ಏನೂ ಕೇಳುವುದಿಲ್ಲ ಎಂದಳು. ಸರ್ಕಾರಿ ಆಸ್ಪತ್ರೆ ಎಂದರೆ ಬೀಗ, ಹಸಿರು ಹೊದಿಕೆ, ನೋವು ಬಂದ ಮೇಲೆ ಬನ್ನಿ.

ಹೇಗಾದರೂ ಮಾಡಿ ಈ ಒಬ್ಬ ಭೀಮಬಾಯಿಯನ್ನು ನಾವು ಕಲಬುರಗಿಗೆ ಎಳೆದುಕೊಂಡು ಹೋಗಬಹುದು. ಆದರೆ ಮೂರು ತಾಲೂಕಿನ ಕಟ್ಟೆಗಳ ಮೇಲೆ, ಮೆಟ್ಟಿಲುಗಳ ಮೇಲೆ, ಹೊಲದ ಬದುಗಳ ಮೇಲೆ ‘ಸುಮ್ಮ ಕುಂತೆ’ ಎನ್ನುತ್ತ ಕೂತಿರುವವರನ್ನೆಲ್ಲ ಯಾರು ಎಳೆದುಕೊಂಡು ಹೋಗುತ್ತಾರೆ? ಅವರಲ್ಲಿ ಎಷ್ಟು ಜನ ನಿಜವಾಗಿ ನೆರಳಿಗೆ ಕೂತವರು, ಎಷ್ಟು ಜನ ಹೃದಯ ಬಿರುಸಾಗಿ ಕೂತವರು ಎಂದು ನಿಮಗೆ ಗೊತ್ತೇ? ನನಗೂ ಗೊತ್ತಿಲ್ಲ. ವ್ಯತ್ಯಾಸ ಇಷ್ಟೇ, ಗೊತ್ತು ಮಾಡಿಕೊಳ್ಳಲೆಂದು ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡಿರುವುದು ನಿಮ್ಮನ್ನು.

ಆದ್ದರಿಂದ ನನ್ನ ಬೇಡಿಕೆ. ಇದನ್ನು ಮನವಿ ಎಂದು ಕರೆಯಬೇಡಿ, ಮನವಿಗಳಿಗೆ ನಿಮ್ಮಲ್ಲಿ ಏನಾಗುತ್ತದೆಂದು ನಾನು ಬಲ್ಲೆ. ನಿಮ್ಮ ಶಿಬಿರಗಳಲ್ಲಿ ಎದೆನೋವು ಇದೆಯೇ ಎಂದು ಧಾರಾಳವಾಗಿ ಕೇಳಿ, ಜೊತೆಗೆ ಇನ್ನೊಂದು ಮಾತನ್ನೂ ಕೇಳಿಸಿ: ಹೋದ ವರ್ಷ ನಿಲ್ಲದೆ ಎಲ್ಲಿಯವರೆಗೆ ನಡೆಯುತ್ತಿದ್ದಿರಿ, ಈಗ ಎಲ್ಲಿ ಕೂರುತ್ತೀರಿ? ನಮ್ಮ ಜನ ಇದಕ್ಕೆ ಸುಳ್ಳು ಹೇಳಲಾರರು, ಅವರಿಗೆ ಊರಿನ ಪ್ರತಿ ಕಟ್ಟೆಯೂ ಗೊತ್ತು. ನೋವು ಇರಲಿ, ಇಲ್ಲದಿರಲಿ, ಸಕ್ಕರೆ ಕಾಯಿಲೆ ಇದ್ದವರ ಹೃದಯವನ್ನೂ ನೋಡುವ ವ್ಯವಸ್ಥೆ ಮಾಡಿ. ಸುಳಿವು ಕೊಡುವ ಆ ರಕ್ತಪರೀಕ್ಷೆಯನ್ನು ತಾಲೂಕಿಗೆ ತನ್ನಿ, ಅನುಮಾನ ಬಂದವರಿಗೆಲ್ಲ ಎಕೋ ಮಾಡಿಸಿ. ಹೊಸ ವೈದ್ಯರಿಗೆ ನಮ್ಮ ಮಾತು ಕಲಿಸಿ. ಬೇರೆಡೆಗೆ ಕಳುಹಿಸಿದ ಆ ವೈದ್ಯರನ್ನು ವಾರಕ್ಕೊಂದು ದಿನವಾದರೂ ವಾಪಸು ಕರೆಸಿ, ಬೀಗ ತೆಗೆಯಿರಿ. ಹಾಗೆಯೇ ಯಾವ ಮೈಕಿನಲ್ಲಿ ಚಪ್ಪಾಳೆ ಕೇಳಿದಿರೋ ಅದೇ ಮೈಕಿನಲ್ಲಿ, ನಮ್ಮೂರಿಗೇ ಬಂದು, ಈ ಪತ್ರದ ತಲೆಬರಹವನ್ನು ಒಮ್ಮೆ ಓದಿ. ಅಷ್ಟು ಓದಲು ನಿಮಗೆ ದಾಕ್ಷಿಣ್ಯವಾದರೆ ನಾನೇ ಓದುತ್ತೇನೆ, ನೀವು ಪಕ್ಕದಲ್ಲಿ ನಿಂತರೆ ಸಾಕು.

ಬರುವ ಬುಧವಾರ ಬೆಳಿಗ್ಗೆ ಭೀಮಬಾಯಿಯನ್ನು ಕರೆದುಕೊಂಡು ನಾವು ಆ ಬೀಗದ ಕೋಣೆಯ ಮುಂದೆ ಬಂದು ಕೂರುತ್ತೇವೆ. ಯಾವ ಆಸ್ಪತ್ರೆ ಎಂದು ನಿಮಗೆ ಗೊತ್ತು. ಘೋಷಣೆ ಕೂಗುವುದಿಲ್ಲ, ಸದ್ದು ಮಾಡಬೇಡಿ ಎಂದು ನೀವೇ ಬರೆದಿದ್ದೀರಲ್ಲ. ಮಲ್ಕಮ್ಮನೂ ಬರುತ್ತಾಳೆ. ಪ್ರಯಾಣ ಕೂಡದು ಎಂದು ಡಾಕ್ಟರ್ ನೂರೀನ ಖಡಾಖಂಡಿತ ಹೇಳಿದ್ದಾರೆ, ಜೈಭೀಮ ಕೈ ಮುಗಿದಿದ್ದಾನೆ, ನಾನು ಜಗಳವಾಡಿದ್ದೇನೆ. “ನಾ ಹೋಗ್ಲಿಲ್ಲಂದ್ರ ಭೀಮಿ ಬಾಗಿಲ ತನಕ ಬಂದು ಓಡಿ ಹೋಗ್ತಾಳ್ರಿ ಅಕ್ಕೋರ. ಕೈ ಹಿಡದ ಕುಂದ್ರಾಕ ನಾ ಬೇಕು” ಎನ್ನುತ್ತಾಳೆ. ಆಕೆಯ ಹಟದ ಮುಂದೆ ನಮ್ಮದು ನಡೆಯುವುದಿಲ್ಲ.

ಬೀಗದ ಕೈಯನ್ನು ಬೆಳಿಗ್ಗೆಯೇ ಕಳುಹಿಸಿಕೊಡಿ. ತಂಗಿಗೆ ಇನ್ನೂ ಸಮಯ ಇರಬಹುದು. ಅಕ್ಕನನ್ನು ಬಹಳ ಹೊತ್ತು ಕಾಯಿಸಬೇಡಿ. ಅಷ್ಟು ಹೊತ್ತು ಕೂರುವಷ್ಟು ಹೃದಯ ಆಕೆಗೆ ಉಳಿದಿಲ್ಲ.

ಇಂತಿ,
ನಿಮ್ಮ ಶಿಬಿರದಲ್ಲಿ ಇನ್ನೂ ಯಾವ ಚಟವೂ ಪತ್ತೆಯಾಗದ,
ಶಮ್ಸುನ್ನಿಸಾ
ನಿವೃತ್ತ ಕನ್ನಡ ಶಿಕ್ಷಕಿ, ನೆಲೋಗಿ